ಮೆಮೊರಿಗಾಗಿ ಕಾದು ನಿಂತ ಕರ್ನಲ್: ಫೈಲ್ ಕ್ಯಾಶ್‌ನ ಡೆಡ್‌ಲಾಕ್ ಬಿಡಿಸುವ ದಾರಿ

ಸರ್ವರ್ ಪಿಂಗ್‌ಗೆ ಉತ್ತರ ಕೊಡುತ್ತಿರುತ್ತದೆ. ಮೊದಲೇ ತೆರೆದಿಟ್ಟ ಟರ್ಮಿನಲ್‌ನಲ್ಲಿ ಎಂಟರ್ ಒತ್ತಿದರೆ ಹೊಸ ಸಾಲೂ ಬರುತ್ತದೆ. ಆದರೆ ಒಂದು ಡೈರೆಕ್ಟರಿಯಲ್ಲಿ ಏನಿದೆ ಎಂದು ಕೇಳಿದ್ದೇ ತಡ, ಆ ಟರ್ಮಿನಲ್ಲೂ ಅಲ್ಲಿಗೇ ನಿಂತುಬಿಡುತ್ತದೆ. ಪ್ರೊಸೆಸ್ ಪಟ್ಟಿ ತೆಗೆದರೆ ಹತ್ತಾರು ಹೆಸರುಗಳ ಪಕ್ಕದಲ್ಲಿ 'ಡಿ' ಎಂಬ ಅಕ್ಷರ, ಅಂದರೆ ಎಬ್ಬಿಸಲಾಗದ ನಿದ್ದೆ. ಸಿಪಿಯು ಬಿಡುವಾಗಿದೆ, ಡಿಸ್ಕ್ ಕೂಡ ಏನೂ ಮಾಡುತ್ತಿಲ್ಲ. 'ಕಿಲ್ ಮೈನಸ್ 9' ಕೊಟ್ಟರೂ ಪ್ರೊಸೆಸ್ ಸಾಯುವುದಿಲ್ಲ. ಕರ್ನಲ್ ಲಾಗ್ ಮಾತ್ರ ಇಂಥ ಟಾಸ್ಕ್ 120 ಸೆಕೆಂಡಿಗೂ ಹೆಚ್ಚು ಹೊತ್ತಿನಿಂದ ಸಿಕ್ಕಿಕೊಂಡಿದೆ ಎಂದು ಎಚ್ಚರಿಸುತ್ತಿರುತ್ತದೆ.

ಈ ಸ್ಥಿತಿಗೆ ಕಾರಣಗಳು ಹಲವು. ಡಿಸ್ಕ್ ಕೆಟ್ಟಿರಬಹುದು, ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನ ಆ ತುದಿ ಬಿದ್ದುಹೋಗಿರಬಹುದು. ಅವೆರಡೂ ಅಲ್ಲ ಎಂದಾದರೆ, ಮೆಮೊರಿ ಬಹುಪಾಲು ತುಂಬಿದ್ದ ಹೊತ್ತಿನಲ್ಲೇ ಹೀಗಾಯಿತು ಎಂದಾದರೆ, ಅನುಮಾನ ಪಡಬೇಕಾದದ್ದು ಮೆಮೊರಿ ಹಂಚಿಕೆಯ ಡೆಡ್‌ಲಾಕನ್ನು. ಲಿನಕ್ಸ್ ಕರ್ನಲ್‌ನ ಫೈಲ್ ಕ್ಯಾಶ್ ಭಾಗದಲ್ಲಿ ಇಂಥ ಗಂಟುಗಳು ಹೇಗೆ ಬೀಳುತ್ತವೆ, ಅವನ್ನು ಹೇಗೆ ಗುರುತಿಸಬೇಕು, ಹೇಗೆ ಬಿಡಿಸಬೇಕು ಎಂಬುದು ಇಲ್ಲಿನ ವಿಷಯ. ಸ್ಟೋರೇಜ್ ಮತ್ತು ಫೈಲ್‌ಸಿಸ್ಟಮ್ ಕೋಡ್ ಬರೆಯುವವರು ಬೆಂಗಳೂರಿನಲ್ಲೇ ಬಹಳ ಮಂದಿ ಇದ್ದಾರೆ. ಕರ್ನಲ್ ಮಾಡ್ಯೂಲ್ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕೋಡ್‌ನಲ್ಲಿ ಅಡಿಗೆರೆಯಿಂದ ಕೂಡಿಸಿ ಬರೆಯುವ ಹೆಸರುಗಳನ್ನು ಇಲ್ಲಿ ಅಡ್ಡಗೆರೆಯಿಂದ ಕೂಡಿಸಿದ್ದೇನೆ.

ಸುತ್ತು ಎಲ್ಲಿಂದ ಶುರು

ಡಿಸ್ಕ್‌ನಿಂದ ಓದಿದ ಕಡತವನ್ನು ಲಿನಕ್ಸ್ ಕೂಡಲೇ ಮರೆಯುವುದಿಲ್ಲ. ಅದನ್ನು ಪೇಜ್ ಕ್ಯಾಶ್ ಎಂಬ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ 4 ಕೆಬಿಯ ಪುಟಗಳಾಗಿ. 'ಫ್ರೀ' ಆದೇಶ ಕೊಟ್ಟಾಗ ಬಫ್-ಕ್ಯಾಶ್ ಎಂಬ ಅಂಕಣದಲ್ಲಿ ಕಾಣುವ ದೊಡ್ಡ ಸಂಖ್ಯೆಯಲ್ಲಿ ಹೆಚ್ಚಿನ ಪಾಲು ಇದರದೇ. ಕಡತದ ಹೆಸರು, ಮಾಲೀಕ, ಗಾತ್ರ ಮುಂತಾದ ವಿವರಗಳಿಗೆ ಡೆಂಟ್ರಿ ಮತ್ತು ಐನೋಡ್ ಕ್ಯಾಶ್‌ಗಳು ಬೇರೆ ಇವೆ. ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡುವುದಕ್ಕಿಂತ ಕ್ಯಾಶ್‌ಗೆ ಬಳಸುವುದು ಒಳ್ಳೆಯದೇ. ಯಾರಿಗಾದರೂ ಬೇಕಾದಾಗ ಅದನ್ನು ಹಿಂದಕ್ಕೆ ಪಡೆದರಾಯಿತು.

ತೊಂದರೆ ಇರುವುದು ಈ ಹಿಂದಕ್ಕೆ ಪಡೆಯುವ ಕೆಲಸದಲ್ಲಿ. ಖಾಲಿ ಮೆಮೊರಿ ಒಂದು ಗೆರೆಗಿಂತ ಕೆಳಗಿಳಿದಾಗ 'ಕೆ-ಸ್ವಾಪ್-ಡಿ' ಎಂಬ ಕರ್ನಲ್ ಥ್ರೆಡ್ ಎದ್ದು ಹಿನ್ನೆಲೆಯಲ್ಲಿ ಪುಟಗಳನ್ನು ಬಿಡಿಸತೊಡಗುತ್ತದೆ. ಇನ್ನೂ ಕೆಳಗಿನ ಗೆರೆಯನ್ನು ದಾಟಿದರೆ, ಮೆಮೊರಿ ಕೇಳಲು ಬಂದ ಪ್ರೊಸೆಸ್ಸೇ ತನ್ನ ಕೆಲಸ ಬದಿಗಿಟ್ಟು ಪುಟ ಬಿಡಿಸುವುದಕ್ಕೆ ಇಳಿಯಬೇಕು. ಇದಕ್ಕೆ ಡೈರೆಕ್ಟ್ ರಿಕ್ಲೇಮ್ ಎನ್ನುತ್ತಾರೆ. ಪುಟದ ಬಗ್ಗೆ ಫೈಲ್‌ಸಿಸ್ಟಮ್ ತನ್ನದೇ ಲೆಕ್ಕ ಇಟ್ಟುಕೊಂಡಿದ್ದರೆ, ಬಿಡುವ ಮೊದಲು ಅದರ ಒಪ್ಪಿಗೆ ಬೇಕು. ಐನೋಡ್ ಒಂದನ್ನು ಕಿತ್ತು ಹಾಕಬೇಕಾದರೆ ಲಾಕ್ ಹಿಡಿಯಬೇಕಾಗಬಹುದು, ಜರ್ನಲ್‌ನಲ್ಲಿ ಹೊಸ ವಹಿವಾಟು ತೆರೆಯಬೇಕಾಗಬಹುದು.

ಈಗ ಮೆಮೊರಿ ಕೇಳಿದವನು ಫೈಲ್‌ಸಿಸ್ಟಮ್ ಕೋಡೇ ಆಗಿದ್ದರೆ? ಅವನು ಒಂದು ಲಾಕ್ ಹಿಡಿದು ನಿಂತಿದ್ದಾನೆ. ಮೆಮೊರಿ ಸಿಗಬೇಕಾದರೆ ರಿಕ್ಲೇಮ್ ನಡೆಯಬೇಕು, ರಿಕ್ಲೇಮ್ ನಡೆಯಬೇಕಾದರೆ ಅದೇ ಲಾಕ್ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅದೇ ಸ್ಥಿತಿ.

ಮೆಮೊರಿ ಸಿಗದಿದ್ದರೆ ಹಂಚಿಕೆ ಸೋಲುತ್ತದೆ, ಕೋಡ್ ದೋಷ ಹಿಂದಿರುಗಿಸುತ್ತದೆ, ಅಲ್ಲಿಗೆ ಮುಗಿಯಿತಲ್ಲ ಎಂದು ಅನೇಕರು ಅಂದುಕೊಂಡಿರುತ್ತಾರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಒಟ್ಟಿಗೆ 8 ಪುಟಗಳವರೆಗಿನ, ಅಂದರೆ 32 ಕೆಬಿವರೆಗಿನ, ಮಾಮೂಲಿ ಬೇಡಿಕೆಯನ್ನು ಕರ್ನಲ್ 'ಇಲ್ಲ' ಎಂದು ಹಿಂದಕ್ಕೆ ಕಳಿಸುವುದು ತೀರ ಅಪರೂಪ. ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಓಓಎಂ ಕಿಲ್ಲರ್ ಕೇಳಿದವನನ್ನೇ ಆರಿಸಿಕೊಂಡಂಥ ಸಂದರ್ಭ ಬಿಟ್ಟರೆ ಅದು ಸುತ್ತುತ್ತಲೇ, ಪ್ರಯತ್ನಿಸುತ್ತಲೇ ಇರುತ್ತದೆ. ಅಷ್ಟು ಚಿಕ್ಕ ಬೇಡಿಕೆ ಸೋಲಬಾರದು ಎಂಬ ಈ ನಡವಳಿಕೆ ಬಹಳ ಹಳೆಯದು; 2014ರ ಕೊನೆಯಲ್ಲಿ ಇದರ ಬಗ್ಗೆ ಕರ್ನಲ್ ಅಭಿವೃದ್ಧಿಕಾರರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ನೀವು ಜತನದಿಂದ ಬರೆದ ದೋಷ ನಿರ್ವಹಣೆಯ ಸಾಲುಗಳು ಹಾಗಾಗಿ ಒಮ್ಮೆಯೂ ಓಡದೆ ಉಳಿಯಬಹುದು, ಅವುಗಳ ಬದಲಿಗೆ ಅನಂತ ಕಾಯುವಿಕೆ ಬರಬಹುದು.

ತಾನೇ ಗುರುತು ಹಾಕಿದ ಪುಟಕ್ಕೆ ತಾನೇ ಕಾದದ್ದು

ಡೆಡ್‌ಲಾಕ್ ಎಂದರೆ ಎರಡು ಲಾಕ್‌ಗಳ ಜಗಳ ಎಂದೇ ಪಠ್ಯಪುಸ್ತಕ ಹೇಳುತ್ತದೆ. 2015ರಲ್ಲಿ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಪತ್ತೆಯಾದ ಒಂದು ಪ್ರಕರಣದಲ್ಲಿ ಅಂಥ ಲಾಕ್‌ಗಳೇ ಇರಲಿಲ್ಲ. ಬರೆಯಬೇಕಾದ ಪುಟಗಳನ್ನು ಇಎಕ್ಸ್‌ಟಿ4 ಒಂದೊಂದಾಗಿ ಕಳಿಸುವುದಿಲ್ಲ, ಒಂದು ಕಟ್ಟು ಕಟ್ಟಿ ಕಳಿಸುತ್ತದೆ. ಕಟ್ಟಿಗೆ ಸೇರಿದ ಪುಟಗಳ ಮೇಲೆ 'ಬರವಣಿಗೆ ನಡೆಯುತ್ತಿದೆ' ಎಂಬ ರೈಟ್‌ಬ್ಯಾಕ್ ಗುರುತು ಬೀಳುತ್ತದೆ, ಕಟ್ಟು ಮಾತ್ರ ಇನ್ನೂ ಕೈಯಲ್ಲೇ ಇರುತ್ತದೆ. ಆ ನಡುವೆ ಅದಕ್ಕೆ ಇನ್ನೊಂದಿಷ್ಟು ಮೆಮೊರಿ ಬೇಕಾಯಿತು. ಪ್ರೊಸೆಸ್ಸು ಮೆಮೊರಿ ಮಿತಿ ಹಾಕಿದ ಸಿ-ಗ್ರೂಪ್ ಎಂಬ ಪ್ರೊಸೆಸ್ ಗುಂಪಿನೊಳಗೆ ಇತ್ತು. ಮಿತಿ ತಲುಪಿದ್ದರಿಂದ ರಿಕ್ಲೇಮ್ ಶುರುವಾಯಿತು. ರಿಕ್ಲೇಮ್‌ಗೆ ಸಿಕ್ಕಿದ್ದು ರೈಟ್‌ಬ್ಯಾಕ್ ಗುರುತಿನ ಪುಟ. ಬರವಣಿಗೆ ಮುಗಿಯಲಿ ಎಂದು ಅದು ಕಾದು ಕುಳಿತಿತು. ಆ ಪುಟ ಇದ್ದದ್ದು ಇದೇ ಪ್ರೊಸೆಸ್ಸಿನ ಕೈಯಲ್ಲಿ, ಇನ್ನೂ ಕಳಿಸದ ಕಟ್ಟಿನಲ್ಲಿ.

ಫೈಲ್‌ಸಿಸ್ಟಮ್ ಇಲ್ಲಿ ತಪ್ಪು ಮಾಡಿರಲಿಲ್ಲ. ಮೆಮೊರಿ ಕೇಳುವಾಗ 'ಫೈಲ್‌ಸಿಸ್ಟಮ್ ಕಡೆಗೆ ಹೋಗಬೇಡ' ಎಂಬ ಫ್ಲ್ಯಾಗ್ ಕೊಟ್ಟೇ ಕೇಳಿತ್ತು. ಆದರೆ ರಿಕ್ಲೇಮ್ ಕೋಡ್ ಕಾಯುವ ಮುನ್ನ ನೋಡುತ್ತಿದ್ದದ್ದು 'ಡಿಸ್ಕ್ ವಹಿವಾಟು ಮಾಡಬಹುದೇ' ಎಂಬ ಬೇರೊಂದು ಫ್ಲ್ಯಾಗನ್ನು. ಕರ್ನಲ್ ಅಭಿವೃದ್ಧಿಕಾರ ಮಿಖಲ್ ಹಾಕೊ ಮಾಡಿದ ತಿದ್ದುಪಡಿಯ ತಿರುಳು ಇಷ್ಟೇ: ಫೈಲ್‌ಸಿಸ್ಟಮ್‌ಗೆ ಹೋಗಲು ಅನುಮತಿ ಇಲ್ಲದವನು ರೈಟ್‌ಬ್ಯಾಕ್‌ಗಾಗಿ ಕಾಯಕೂಡದು. ಕೆಲವೇ ಸಾಲುಗಳ ಬದಲಾವಣೆ, ಆದರೆ ಅಲ್ಲಿಗೆ ತಲುಪಲು ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬ ಸರಪಳಿಯನ್ನು ಕೊನೆಯ ಕೊಂಡಿಯವರೆಗೆ ಓದಬೇಕಾಯಿತು. ಈ ವರ್ಗದ ದೋಷಗಳಲ್ಲಿ ನಿಜವಾದ ಕೆಲಸ ಆ ಓದೇ.

ಸರಪಳಿ ಓದುವುದು

ಹೆಪ್ಪುಗಟ್ಟಿದ ಯಂತ್ರವನ್ನು ರೀಬೂಟ್ ಮಾಡುವ ಆತುರ ಬೇಡ. ಸಿಸ್-ಆರ್‌ಕ್ಯೂ ಟ್ರಿಗರ್ ಕಡತಕ್ಕೆ ಡಬ್ಲ್ಯು ಅಕ್ಷರ ಬರೆದರೆ ಸಿಕ್ಕಿಕೊಂಡಿರುವ ಎಲ್ಲ ಟಾಸ್ಕ್‌ಗಳ ಸ್ಟ್ಯಾಕ್ ಕರ್ನಲ್ ಲಾಗ್‌ಗೆ ಬರುತ್ತದೆ, ಟಿ ಬರೆದರೆ ಎಲ್ಲ ಟಾಸ್ಕ್‌ಗಳದ್ದೂ ಬರುತ್ತದೆ. ಒಂದೇ ಪ್ರೊಸೆಸ್ ಸಾಕೆಂದರೆ ಪ್ರೋಕ್ ಅಡಿಯಲ್ಲಿ ಅದರ ಸಂಖ್ಯೆಯ ಡೈರೆಕ್ಟರಿಯಲ್ಲಿರುವ ಸ್ಟ್ಯಾಕ್ ಕಡತವನ್ನು ರೂಟ್ ಆಗಿ ಓದಿ. ಡಿಸ್ಕೇ ಸಿಕ್ಕಿಕೊಂಡಿರುವಾಗ ಲಾಗ್ ಡಿಸ್ಕ್‌ಗೆ ಬರೆಯಲ್ಪಡುತ್ತದೆ ಎಂದು ನಂಬಬೇಡಿ. ಸೀರಿಯಲ್ ಕನ್ಸೋಲ್ ಅಥವಾ ನೆಟ್‌ಕನ್ಸೋಲ್ ಮೊದಲೇ ಸಿದ್ಧವಿರಲಿ. ಕೆ-ಡಂಪ್ ಇದ್ದರೆ ಯಂತ್ರವನ್ನು ಬೇಕೆಂದೇ ಕ್ರ್ಯಾಶ್ ಮಾಡಿಸಿ ಪೂರ್ತಿ ಮೆಮೊರಿ ಚಿತ್ರ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಸ್ಟ್ಯಾಕನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಫೈಲ್‌ಸಿಸ್ಟಮ್‌ನ ಹೆಸರುಗಳು, ನಡುವೆ ಪುಟ ಹಂಚಿಕೆ ಮತ್ತು ರಿಕ್ಲೇಮ್‌ನ ಹೆಸರುಗಳು, ಮತ್ತೆ ಮೇಲೆ ಫೈಲ್‌ಸಿಸ್ಟಮ್‌ನ ಹೆಸರುಗಳು ಕಂಡವೆಂದರೆ ಮರುಪ್ರವೇಶ ಸಿಕ್ಕಿಬಿದ್ದಂತೆ. ಮೇಲಿನ ತುದಿಯಲ್ಲಿ ಕಾಯುತ್ತಿರುವುದು ಯಾವುದಕ್ಕೆ ನೋಡಿ: ಮ್ಯೂಟೆಕ್ಸ್‌ಗೋ, ಪುಟದ ಲಾಕ್‌ಗೋ, ರೈಟ್‌ಬ್ಯಾಕ್‌ಗೋ, ಜರ್ನಲ್ ಜಾಗಕ್ಕೋ, ವರ್ಕರ್ ಥ್ರೆಡ್ ಮುಗಿಯುವುದಕ್ಕೋ. ಅದನ್ನು ಕೊಡಬೇಕಾದವನು ಯಾರು ಎಂದು ಹುಡುಕಿ, ಅವನ ಸ್ಟ್ಯಾಕನ್ನು ಓದಿ. ಹೀಗೆ ಹೋಗುತ್ತ ಹೋಗುತ್ತ ಶುರು ಮಾಡಿದ ಜಾಗಕ್ಕೇ ಮರಳಿದರೆ ಡೆಡ್‌ಲಾಕ್ ಖಚಿತ. ಮರಳದೆ, ನಿಧಾನವಾದ ಡಿಸ್ಕ್‌ಗೆ ಹೋಗಿ ನಿಂತರೆ ಅದು ಡೆಡ್‌ಲಾಕ್ ಅಲ್ಲ, ಬರೀ ನಿಧಾನ. ಎರಡಕ್ಕೂ ಔಷಧ ಬೇರೆ.

ಯಂತ್ರ ಹೆಪ್ಪುಗಟ್ಟುವ ಮೊದಲೇ ದೋಷ ಹಿಡಿಯಲು ಲಾಕ್‌ಗಳ ಕ್ರಮ ಪರೀಕ್ಷಿಸುವ ಲಾಕ್‌ಡೆಪ್ ಇದೆ. ಪ್ರೂವ್-ಲಾಕಿಂಗ್ ಆಯ್ಕೆಯೊಂದಿಗೆ ಕರ್ನಲ್ ಕಟ್ಟಿದರೆ ಅದು ಚಾಲೂ ಆಗುತ್ತದೆ. 2017ರ 4.14 ಆವೃತ್ತಿಯಿಂದ ಅದರಲ್ಲಿ 'ಎಫ್‌ಎಸ್-ರಿಕ್ಲೇಮ್' ಎಂಬ ಹುಸಿ ಲಾಕ್ ಒಂದಿದೆ. ಫೈಲ್‌ಸಿಸ್ಟಮ್‌ಗೆ ಹೊಗಬಲ್ಲ ಪ್ರತಿ ಹಂಚಿಕೆಯೂ ಈ ಲಾಕ್ ಹಿಡಿದು ಬಿಟ್ಟಂತೆ ಲಾಕ್‌ಡೆಪ್ ಬರೆದುಕೊಳ್ಳುತ್ತದೆ. ರಿಕ್ಲೇಮ್ ನಡೆಯುವಷ್ಟು ಹೊತ್ತೂ ಅದನ್ನು ಹಿಡಿದಿರುವಂತೆ ಲೆಕ್ಕ. ರಿಕ್ಲೇಮ್‌ನೊಳಗೆ ಒಂದು ಲಾಕ್ ಹಿಡಿದದ್ದು ಯಾವತ್ತೋ, ಅದೇ ವರ್ಗದ ಲಾಕ್ ಹಿಡಿದು ಮೆಮೊರಿ ಕೇಳಿದ್ದು ಇನ್ಯಾವತ್ತೋ. ಎರಡನ್ನೂ ಜೋಡಿಸಿ ಅಪಾಯವಿದೆ ಎಂದು ಅದು ಹೇಳುತ್ತದೆ. ನಿಜವಾದ ಹೆಪ್ಪುಗಟ್ಟುವಿಕೆ ಆಗಲೇಬೇಕೆಂದಿಲ್ಲ. ಇಷ್ಟು ಉಪಕಾರಿಯಾದ ಸಲಕರಣೆ ಕರ್ನಲ್‌ನಲ್ಲಿ ಕಡಿಮೆ. ಆದರೆ ಪುಟದ ಲಾಕ್, ರೈಟ್‌ಬ್ಯಾಕ್ ಗುರುತು ಇವು ಅದರ ಲೆಕ್ಕಕ್ಕೆ ಬರುವುದಿಲ್ಲ. 2015ರ ಇಎಕ್ಸ್‌ಟಿ4 ಪ್ರಕರಣದಂಥದ್ದನ್ನು ಅದು ಹಿಡಿಯಲಾರದು. ಸುಳ್ಳು ಎಚ್ಚರಿಕೆಗಳೂ ಬರುತ್ತವೆ: ನಾವು ಹಿಡಿದಿರುವುದು ಬಳಕೆಯಲ್ಲಿರುವ ಐನೋಡ್‌ನ ಲಾಕ್, ರಿಕ್ಲೇಮ್ ಮುಟ್ಟುವುದು ಯಾರೂ ಬಳಸದ ಐನೋಡ್‌ನ ಲಾಕ್, ಎರಡೂ ಒಂದೇ ವರ್ಗದವು, ಒಂದೇ ಐನೋಡ್ ಮಾತ್ರ ಆಗಿರಲು ಸಾಧ್ಯವಿಲ್ಲ.

ಫ್ಲ್ಯಾಗ್ ಚಿಮುಕಿಸುವುದು ಪರಿಹಾರವಲ್ಲ

ಕಾರಣ ಗೊತ್ತಾದ ಮೇಲೆ ಹೆಚ್ಚಿನವರ ಕೈ ಹೋಗುವುದು ಜಿಎಫ್‌ಪಿ-ನೋಎಫ್‌ಎಸ್ ಎಂಬ ಫ್ಲ್ಯಾಗ್‌ನತ್ತ. ಮಾಮೂಲಿ ಜಿಎಫ್‌ಪಿ-ಕರ್ನಲ್ ಬೇಡಿಕೆಯಲ್ಲಿ ಮೂರು ಅನುಮತಿಗಳಿರುತ್ತವೆ: ರಿಕ್ಲೇಮ್ ಮಾಡಬಹುದು, ಡಿಸ್ಕ್ ವಹಿವಾಟು ಶುರು ಮಾಡಬಹುದು, ಫೈಲ್‌ಸಿಸ್ಟಮ್‌ನೊಳಕ್ಕೆ ಹೋಗಬಹುದು. ನೋಎಫ್‌ಎಸ್ ಕೊನೆಯದನ್ನು ತೆಗೆಯುತ್ತದೆ, ಜಿಎಫ್‌ಪಿ-ನೋಐಒ ಕೊನೆಯ ಎರಡನ್ನೂ ತೆಗೆಯುತ್ತದೆ. ಹೆಪ್ಪುಗಟ್ಟಿದ ಜಾಗದಲ್ಲಿ ಒಂದು ಪದ ಬದಲಿಸಿದರೆ ಆ ಸ್ಟ್ಯಾಕ್ ಮತ್ತೆ ಕಾಣಿಸಿಕೊಳ್ಳುವುದಿಲ್ಲ, ಪ್ಯಾಚ್ ಮುಗಿಯಿತು.

ನಾನು ಇದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ನೋಎಫ್‌ಎಸ್ ಬೇಡಿಕೆಗೆ ಡೆಂಟ್ರಿ, ಐನೋಡ್ ಕ್ಯಾಶ್‌ಗಳನ್ನು ಕುಗ್ಗಿಸುವ ಹಕ್ಕಿಲ್ಲ. ಲಕ್ಷಾಂತರ ಚಿಕ್ಕ ಕಡತಗಳಿರುವ ಸರ್ವರ್‌ನಲ್ಲಿ ಮೆಮೊರಿ ಅಡಗಿರುವುದೇ ಅಲ್ಲಿ. ಓಓಎಂ ಕಿಲ್ಲರ್‌ ಕೂಡ ಇಂಥ ಬೇಡಿಕೆಗಾಗಿ ಯಾರನ್ನೂ ಕೊಲ್ಲುವುದಿಲ್ಲ. ಅಗತ್ಯವಿಲ್ಲದ ಕಡೆಯಲ್ಲೆಲ್ಲ ಇದನ್ನು ಬಳಸಿದರೆ ಡೆಡ್‌ಲಾಕ್ ಹೋಗಿ ಅದಕ್ಕೆ ಹತ್ತಿರದ ಇನ್ನೊಂದು ಸಂಕಟ ಬರುತ್ತದೆ. ಎರಡನೆಯದಾಗಿ, ಅಪಾಯ ಇರುವುದು ಮೆಮೊರಿ ಕೇಳುವ ಸಾಲಿನಲ್ಲಲ್ಲ. ಲಾಕ್ ಹಿಡಿದ ಅಥವಾ ವಹಿವಾಟು ತೆರೆದ ಸಾಲಿನಲ್ಲಿ. ಅಲ್ಲಿಂದ ಮುಂದೆ ಕರೆಯುವ ಹತ್ತು ಫಂಕ್ಷನ್‌ಗಳಲ್ಲಿ ಯಾವುದು ಎಲ್ಲಿ ಮೆಮೊರಿ ಕೇಳುತ್ತದೆಂದು ಯಾರು ಹುಡುಕುತ್ತಾರೆ? ವಿ-ಮ್ಯಾಲಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ನೋಎಫ್‌ಎಸ್ ಕೊಟ್ಟರೂ ಪೇಜ್ ಟೇಬಲ್‌ಗಾಗಿ ಒಳಗೊಳಗೇ ಜಿಎಫ್‌ಪಿ-ಕರ್ನಲ್ ಬೇಡಿಕೆ ಹೋಗುತ್ತಿತ್ತು. 2022ರ 5.17 ಆವೃತ್ತಿಯವರೆಗೂ ಅದು ಹಾಗೇ ಇತ್ತು.

ಸರಿಯಾದ ದಾರಿ 2017ರ 4.12 ಆವೃತ್ತಿಯಲ್ಲಿ ಬಂದಿದೆ: ಮೆಮ್‌ಅಲಾಕ್-ನೋಎಫ್‌ಎಸ್-ಸೇವ್ ಮತ್ತು ಅದರ ಜೋಡಿ ರಿಸ್ಟೋರ್. ಇದೂ ಮಿಖಲ್ ಹಾಕೊ ಅವರ ಕೊಡುಗೆ. ಡಿಸ್ಕ್ ವಹಿವಾಟಿಗೆ ಸಂಬಂಧಿಸಿದ ನೋಐಒ ಜೋಡಿ 2013ರಿಂದಲೇ ಇತ್ತು. ಸೇವ್ ಕರೆದಾಗಿನಿಂದ ರಿಸ್ಟೋರ್ ಕರೆಯುವವರೆಗೆ ಆ ಟಾಸ್ಕ್ ಮಾಡುವ ಪ್ರತಿ ಹಂಚಿಕೆಯೂ ತಾನಾಗಿ ನೋಎಫ್‌ಎಸ್ ಆಗುತ್ತದೆ, ಅದು ಎಷ್ಟೇ ಆಳದ ಫಂಕ್ಷನ್‌ನಲ್ಲಿದ್ದರೂ. ಇಎಕ್ಸ್‌ಟಿ4ನ ಜರ್ನಲ್ ಪದರವಾದ ಜೆಬಿಡಿ2 ಇದನ್ನೇ ಮಾಡುತ್ತದೆ. ವಹಿವಾಟು ತೆರೆದಾಗ ಸೇವ್, ಮುಗಿದಾಗ ರಿಸ್ಟೋರ್. ಕಡತವನ್ನು ಮುಂಚಿತವಾಗಿ ಓದಿಡುವ ರೀಡ್‌ಅಹೆಡ್ ಕೋಡ್‌ನಲ್ಲೂ 2020ರಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ಇದನ್ನು ಹಾಕಿದರು. ಅಲ್ಲಿ ಲಾಕ್ ಆದ ಪುಟಗಳು ಕ್ಯಾಶ್‌ಗೆ ಸೇರಿರುತ್ತವೆ, ಓದುವ ಬೇಡಿಕೆ ಇನ್ನೂ ಡಿಸ್ಕ್‌ಗೆ ಹೋಗಿರುವುದಿಲ್ಲ. ಆ ನಡುವೆ ಇನ್ನೊಂದು ಪುಟ ಸೇರಿಸಲು ಮೆಮೊರಿ ಕೇಳಿದರೆ ಮೇಲೆ ಹೇಳಿದಂಥ ಸುತ್ತೇ ಬೀಳಬಹುದು.

ಬಳಸುವಾಗ ನೆನಪಿಡಬೇಕಾದದ್ದು: ಸೇವ್ ಹಿಂದಿರುಗಿಸುವ ಹಳೆಯ ಮೌಲ್ಯವನ್ನೇ ರಿಸ್ಟೋರ್‌ಗೆ ಕೊಡಿ, ಆಗ ಒಂದರೊಳಗೊಂದು ಬಂದರೂ ಕೆಡುವುದಿಲ್ಲ. ದೋಷದ ದಾರಿಯಲ್ಲಿ ಹೊರಬರುವಾಗಲೂ ರಿಸ್ಟೋರ್ ತಪ್ಪಿಹೋಗಬಾರದು. ಈ ಗುರುತು ಟಾಸ್ಕ್‌ಗೆ ಸೇರಿದ್ದು. ಕೆಲಸವನ್ನು ವರ್ಕ್‌ಕ್ಯೂಗೆ ಒಪ್ಪಿಸಿದರೆ ಆ ಥ್ರೆಡ್‌ಗೆ ಅದು ದಾಟುವುದಿಲ್ಲ, ಅಲ್ಲಿ ಬೇರೆಯಾಗಿ ಸೇವ್ ಮಾಡಬೇಕು. ಯಾವ ಲಾಕ್‌ಗಾಗಿ, ರಿಕ್ಲೇಮ್‌ನ ಯಾವ ದಾರಿ ಅದೇ ಲಾಕ್ ಹಿಡಿಯುತ್ತದೆ ಎಂಬುದನ್ನು ಸೇವ್‌ನ ಮೇಲಿನ ಸಾಲಿನಲ್ಲೇ ಕಾಮೆಂಟ್ ಆಗಿ ಬರೆಯಿರಿ. ಈ ಕಾಮೆಂಟ್ ಬರೆಯಲು ಆಗದಿದ್ದರೆ ಆ ಸೇವ್ ಅಲ್ಲಿ ಬೇಕೇ ಎಂಬುದು ನಿಮಗಿನ್ನೂ ಗೊತ್ತಾಗಿಲ್ಲ. ಲಾಕ್‌ಡೆಪ್‌ನ ಸುಳ್ಳು ಎಚ್ಚರಿಕೆಯನ್ನು ಅಡಗಿಸಲು ಮಾತ್ರ ನೋಎಫ್‌ಎಸ್ ಹಾಕುವ ರೂಢಿ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಬಹುಕಾಲ ಇತ್ತು. ಅದಕ್ಕೆಂದೇ ನೋ-ಲಾಕ್‌ಡೆಪ್ ಎಂಬ ಬೇರೆ ಫ್ಲ್ಯಾಗ್ 4.12ರಲ್ಲೇ ಬಂದಿದೆ. ಎಚ್ಚರಿಕೆ ಸುಳ್ಳು ಎಂದು ಸಾಬೀತಾದರೆ ಅದನ್ನು ಬಳಸಿ.

ಬಿಟ್ಟುಕೊಡಬಲ್ಲ ಕ್ಯಾಶ್

ಎಲ್ಲಕ್ಕಿಂತ ಚೆನ್ನಾದ ತಿದ್ದುಪಡಿ ಎಂದು ನನಗೆ ಅನ್ನಿಸಿದ್ದು ಎಫ್‌ಎಸ್-ಕ್ಯಾಶ್‌ನದು. 2009ರ 2.6.30 ಆವೃತ್ತಿಯಲ್ಲಿ ಡೇವಿಡ್ ಹೊವೆಲ್ಸ್ ಇದನ್ನು ಕರ್ನಲ್‌ಗೆ ಸೇರಿಸಿದರು. ಎನ್‌ಎಫ್‌ಎಸ್, ಎಎಫ್‌ಎಸ್‌ನಂಥ ನೆಟ್‌ವರ್ಕ್ ಫೈಲ್‌ಸಿಸ್ಟಮ್‌ನಿಂದ ಓದಿದ ಮಾಹಿತಿಯ ನಕಲನ್ನು, ಕ್ಯಾಶ್‌ಫೈಲ್ಸ್ ಎಂಬ ಪದರದ ಮೂಲಕ, ಸ್ಥಳೀಯ ಡಿಸ್ಕ್‌ನ ಇಎಕ್ಸ್‌ಟಿ4ನಂಥ ಫೈಲ್‌ಸಿಸ್ಟಮ್‌ನಲ್ಲಿ ಇಡುವುದು ಇದರ ಕೆಲಸ. ಮುಂದಿನ ಸಲ ಓದುವಾಗ ನೆಟ್‌ವರ್ಕ್ ದಾಟಬೇಕಿಲ್ಲ.

ಅಂದರೆ ಒಂದು ಫೈಲ್‌ಸಿಸ್ಟಮ್‌ನ ಬೆನ್ನಿಗೆ ಇನ್ನೊಂದು ಫೈಲ್‌ಸಿಸ್ಟಮ್ ಕಟ್ಟಿದಂತಾಯಿತು. ಎನ್‌ಎಫ್‌ಎಸ್ ಪುಟವನ್ನು ಸ್ಥಳೀಯ ಡಿಸ್ಕ್‌ಗೆ ನಕಲು ಮಾಡುವುದು ವರ್ಕರ್ ಥ್ರೆಡ್‌ಗಳು. ನಕಲು ಮುಗಿಯುವವರೆಗೆ ಆ ಪುಟವನ್ನು ಬಿಡುವಂತಿಲ್ಲ. ಮೆಮೊರಿ ಬಿಗಿಯಾದಾಗ ರಿಕ್ಲೇಮ್ ಬಂದು ಈ ಪುಟ ಬಿಡು ಎಂದು ಎನ್‌ಎಫ್‌ಎಸ್‌ಗೆ ಹೇಳುತ್ತದೆ. ನಕಲು ಮುಗಿಯಲಿ ಎಂದು ಅದು ಕಾಯುತ್ತದೆ. ಇತ್ತ ವರ್ಕರ್‌ಗೆ ಸ್ಥಳೀಯ ಫೈಲ್‌ಸಿಸ್ಟಮ್‌ನಲ್ಲಿ ಬರೆಯಲು ಮೆಮೊರಿ ಬೇಕು. ಅದು ಕೇಳುತ್ತದೆ, ರಿಕ್ಲೇಮ್‌ಗೆ ಇಳಿಯುತ್ತದೆ, ಎನ್‌ಎಫ್‌ಎಸ್ ಪುಟವೊಂದರ ಮುಂದೆ ಕಾದು ನಿಲ್ಲುತ್ತದೆ. ಎಲ್ಲ ವರ್ಕರ್‌ಗಳೂ ಹೀಗೆ ನಿಂತ ಮೇಲೆ ನಕಲು ಮುಗಿಸುವವರು ಯಾರೂ ಉಳಿಯುವುದಿಲ್ಲ.

2012ರ ಕೊನೆಯ ಹೊತ್ತಿಗೆ ಹೊವೆಲ್ಸ್ ಎರಡು ಕಡೆಯಿಂದ ಇದನ್ನು ಬಿಡಿಸಿದರು. ಫೈಲ್‌ಸಿಸ್ಟಮ್‌ಗೆ ಹೋಗಲು ಅನುಮತಿ ಇಲ್ಲದ ಬೇಡಿಕೆ ಬಂದರೆ ಪುಟ ಬಿಡುವ ಫಂಕ್ಷನ್ ಕಾಯುವುದೇ ಇಲ್ಲ, 'ಈಗ ಆಗದು' ಎಂದು ಹೇಳಿ ಕಳಿಸುತ್ತದೆ. ಇನ್ನೊಂದು ಕಡೆ, ಕ್ಯಾಶ್‌ಫೈಲ್ಸ್ ತನ್ನ ಬೇಡಿಕೆಯ ದರ್ಜೆಯನ್ನೇ ಇಳಿಸಿಕೊಂಡಿತು: ರಿಕ್ಲೇಮ್ ಮಾಡಬಹುದು, ಆದರೆ ಡಿಸ್ಕ್ ವಹಿವಾಟು ಬೇಡ, ಫೈಲ್‌ಸಿಸ್ಟಮ್ ಪ್ರವೇಶ ಬೇಡ, ಪಟ್ಟು ಹಿಡಿದು ಮರುಪ್ರಯತ್ನ ಬೇಡ, ತುರ್ತು ಮೀಸಲನ್ನು ಮುಟ್ಟುವುದೂ ಬೇಡ. ಮೆಮೊರಿ ಸಿಗಲಿಲ್ಲವೆಂದರೆ ಆ ಪುಟವನ್ನು ಕ್ಯಾಶ್‌ನಲ್ಲಿ ಇಡುವುದನ್ನೇ ಕೈಬಿಡುತ್ತದೆ. ಇದರಿಂದ ಬಳಕೆದಾರನಿಗೆ ಯಾವ ನಷ್ಟವೂ ಇಲ್ಲ, ಮೂಲ ಮಾಹಿತಿ ಸರ್ವರ್‌ನಲ್ಲಿ ಇದ್ದೇ ಇದೆ. 2014ರಲ್ಲಿ ಉಳಿದ ಕಾಯುವಿಕೆಗೂ ಕಾಲಮಿತಿ ಬಂತು. 2022ರ 5.17ರಲ್ಲಿ ಎಫ್‌ಎಸ್-ಕ್ಯಾಶನ್ನು ಬಹುಮಟ್ಟಿಗೆ ಹೊಸದಾಗಿ ಬರೆದಾಗಲೂ ಈ ನಿಯಮ ಉಳಿಯಿತು: ಕೇಳುತ್ತಿರುವುದು ಕೆ-ಸ್ವಾಪ್-ಡಿ ಆಗಿದ್ದರೆ ಅಥವಾ ಫೈಲ್‌ಸಿಸ್ಟಮ್ ಅನುಮತಿ ಇಲ್ಲದಿದ್ದರೆ ಕಾಯಬೇಡ.

ಆದ್ದರಿಂದ ನಿಮ್ಮ ಕೋಡ್‌ನಲ್ಲಿ ಡೆಡ್‌ಲಾಕ್ ಕಂಡಾಗ ಫ್ಲ್ಯಾಗ್ ಹುಡುಕುವ ಮೊದಲು, ಈ ಕೆಲಸವನ್ನು ಮಾಡದೆ ಬಿಡಬಹುದೇ ಎಂದು ನೋಡಿ. ರೀಡ್‌ಅಹೆಡ್ ಬಿಡಬಹುದು, ನಕಲು ಇಡುವುದನ್ನು ಬಿಡಬಹುದು. ಬಳಕೆದಾರ ಬರೆದ ಮಾಹಿತಿಯನ್ನು ಡಿಸ್ಕ್‌ಗೆ ಸೇರಿಸುವುದನ್ನು ಬಿಡಲಾಗದು. ಬಿಡಬಹುದಾದ ಕೆಲಸಕ್ಕೆ ನೋ-ರಿಟ್ರೈ ಫ್ಲ್ಯಾಗ್‌ನೊಂದಿಗೆ ಕೇಳಿ, ಸೋಲನ್ನು ಒಪ್ಪಿಕೊಳ್ಳಿ.

ಬಿಡಲಾಗದ ಕೆಲಸಕ್ಕೆ ಮೀಸಲು ಬೇಕು. ಮೆಮ್‌ಪೂಲ್ ಇರುವುದು ಅದಕ್ಕೇ. ಡಿಸ್ಕ್ ಬೇಡಿಕೆಗಳಾದ ಬಯೋಗಳು ಅದರಿಂದಲೇ ಬರುತ್ತವೆ. ಒಂದೇ ಪೂಲ್‌ನಿಂದ ಪಡೆದ ಬಯೋವನ್ನು ಕಳಿಸದೆ ಹಿಡಿದುಕೊಂಡು ಇನ್ನೊಂದನ್ನು ಕೇಳಬಾರದು, ಮೀಸಲಿಗೂ ಡೆಡ್‌ಲಾಕ್ ತಗಲುತ್ತದೆ. ಬರವಣಿಗೆಯ ದಾರಿಯಲ್ಲಿರುವ ವರ್ಕ್‌ಕ್ಯೂಗೆ ಡಬ್ಲ್ಯುಕ್ಯೂ-ಮೆಮ್-ರಿಕ್ಲೇಮ್ ಗುರುತು ಇರಲೇಬೇಕು. ಹೊಸ ವರ್ಕರ್ ಥ್ರೆಡ್ ಹುಟ್ಟಿಸಲಿಕ್ಕೂ ಮೆಮೊರಿ ಬೇಕಲ್ಲ. ಈ ಗುರುತಿದ್ದರೆ ಒಂದು ಥ್ರೆಡ್ ಮೊದಲೇ ಕಾಯ್ದಿರಿಸಲ್ಪಡುತ್ತದೆ. ಲಾಕ್ ಹಿಡಿಯುವ ಮೊದಲೇ ಮೆಮೊರಿ ಪಡೆದಿಟ್ಟುಕೊಳ್ಳುವುದು ಇನ್ನೂ ಸರಳ. ಪೇಜ್ ಕ್ಯಾಶ್‌ಗೆ ಪುಟ ಸೇರಿಸುವ ಕೋಡ್ ಪುಟಗಳ ಸೂಚಿಯಾದ ಎಕ್ಸ್‌ಅರೇಯಲ್ಲಿ ಜಾಗ ಸಾಲದಿದ್ದರೆ ಲಾಕ್ ಬಿಟ್ಟು, ಮೆಮೊರಿ ತಂದು, ಮತ್ತೆ ಲಾಕ್ ಹಿಡಿದು ಮೊದಲಿನಿಂದ ಪ್ರಯತ್ನಿಸುತ್ತದೆ.

ಫ್ಯೂಸ್‌ನಂಥ, ಯೂಸರ್‌ಸ್ಪೇಸ್‌ನಲ್ಲಿ ಓಡುವ ಫೈಲ್‌ಸಿಸ್ಟಮ್ ಬರೆಯುವವರಿಗೂ ಇದೇ ಅಪಾಯವಿದೆ. 2020ರ 5.6 ಆವೃತ್ತಿಯಿಂದ ಪಿಆರ್-ಸೆಟ್-ಐಒ-ಫ್ಲಶರ್ ಎಂಬ ಪಿಆರ್‌ಸಿಟಿಎಲ್ ಆಯ್ಕೆಯ ಮೂಲಕ 'ಈ ಪ್ರೊಸೆಸ್ ಬರವಣಿಗೆಯ ದಾರಿಯಲ್ಲಿದೆ' ಎಂದು ಕರ್ನಲ್‌ಗೆ ತಿಳಿಸಬಹುದು. ಆಗ ಅದರ ಹಂಚಿಕೆಗಳು ನೋಐಒ ಆಗುತ್ತವೆ. ಇದಕ್ಕೆ ಸಿಎಪಿ-ಸಿಸ್-ರಿಸೋರ್ಸ್ ಹಕ್ಕು ಬೇಕು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ಚಿಕ್ಕದೇ ಒಳ್ಳೆಯದು. 512 ಎಂಬಿ ಮೆಮೊರಿಯ ವರ್ಚುವಲ್ ಮಷೀನ್‌ನಲ್ಲಿ ಲಾಕ್‌ಡೆಪ್ ಚಾಲೂ ಮಾಡಿ, ಚಿಕ್ಕ ಕಡತಗಳ ರಾಶಿ ಹುಟ್ಟಿಸಿ, ಜೊತೆಗೆ ದೊಡ್ಡ ಕಡತವೊಂದನ್ನು ಬರೆಯಿಸಿ. ಅದೇ ಕೆಲಸವನ್ನು ಬಿಗಿ ಮಿತಿಯ ಸಿ-ಗ್ರೂಪ್‌ನೊಳಗೂ ಓಡಿಸಿ. ಫೇಲ್-ಪೇಜ್-ಅಲಾಕ್, ಫೇಲ್-ಸ್ಲ್ಯಾಬ್ ಎಂಬ ಸೌಲಭ್ಯಗಳಿಂದ ಹಂಚಿಕೆಯನ್ನು ಬೇಕೆಂದೇ ಸೋಲಿಸಬಹುದು. ಎಂದೂ ಓಡದ ದೋಷ ನಿರ್ವಹಣೆಯ ಸಾಲುಗಳು ಆಗ ಓಡುತ್ತವೆ. ಫೈಲ್‌ಸಿಸ್ಟಮ್‌ಗಳಿಗೆಂದೇ ಇರುವ ಎಫ್‌ಎಸ್‌ಟೆಸ್ಟ್ಸ್ ಪರೀಕ್ಷಾ ಸಂಗ್ರಹವನ್ನು ಇಂಥ ಯಂತ್ರದಲ್ಲಿ ಓಡಿಸಿ ನೋಡದೆ ಪ್ಯಾಚ್ ಕಳಿಸಬೇಡಿ.

ಕೋಡ್ ಬರೆಯದೆ ಸರ್ವರ್ ನೋಡಿಕೊಳ್ಳುವವರು ಮಿನ್-ಫ್ರೀ-ಕೆಬೈಟ್ಸ್ ಹೆಚ್ಚಿಸುವುದು, ಮಾಮೂಲಿನಲ್ಲಿ 20 ಇರುವ ಡರ್ಟಿ-ರೇಶಿಯೊ ಇಳಿಸುವುದು ಇತ್ಯಾದಿಗಳಿಂದ ಡೆಡ್‌ಲಾಕ್ ಬೀಳುವ ಸಂಭವವನ್ನು ಕಡಿಮೆ ಮಾಡಬಹುದು, ಹೋಗಲಾಡಿಸಲು ಆಗದು. ಸಿಕ್ಕಿಕೊಂಡ ಮೇಲೆ ಕ್ಯಾಶ್ ಖಾಲಿ ಮಾಡುವ ಡ್ರಾಪ್-ಕ್ಯಾಶಸ್ ಆದೇಶ ಕೊಟ್ಟರೆ ಆ ಆದೇಶವೂ ಸಿಕ್ಕಿಕೊಳ್ಳಬಹುದು. ದೋಷ ಸರಿಯಾಗುವುದು ತಿದ್ದಿದ ಕರ್ನಲ್‌ನಿಂದ ಮಾತ್ರ. ತಿದ್ದುವವರಿಗೆ ಬೇಕಾದದ್ದು ಕರ್ನಲ್‌ನ ನಿಖರ ಆವೃತ್ತಿ, ಮೌಂಟ್ ಆಯ್ಕೆಗಳು, ಸಿಕ್ಕಿಕೊಂಡ ಎಲ್ಲ ಟಾಸ್ಕ್‌ಗಳ ಪೂರ್ತಿ ಸ್ಟ್ಯಾಕ್. ಒಂದೇ ಟಾಸ್ಕಿನದನ್ನು ಕತ್ತರಿಸಿ ಕಳಿಸಿದರೆ ಸರಪಳಿ ಸಿಗುವುದಿಲ್ಲ. ರೀಬೂಟ್ ಮಾಡುವ ಮುನ್ನ ಅಷ್ಟನ್ನು ತೆಗೆದಿಟ್ಟುಕೊಳ್ಳಿ.